ಎರಡು ನಿಮಿಷದ ಗೂಢಚಾರಿಣಿಗೆ ಉಚಿತ ಡಾವಿಂಚಿ ರಿಸಾಲ್ವ್ ಸಾಕೇ?

ಸಾಕು. ಆದರೆ ಈ ವಿಡಿಯೊ ಎಡಿಟಿಂಗ್ ತಂತ್ರಾಂಶದ ಮಿತಿ ಏನೆಂದು ಶೂಟಿಂಗಿಗೆ ಹೊರಡುವ ಮೊದಲೇ ಗೊತ್ತಿರಬೇಕು. ಕತ್ತಲಲ್ಲಿ ತೆಗೆದ ಶಾಟುಗಳನ್ನು ಕಂಪ್ಯೂಟರಿಗೆ ಹಾಕಿ, ಗೋಡೆಯ ಮೇಲೆಲ್ಲ ಇರುವೆ ಹರಿದಂತೆ ನಾಯ್ಸ್ (ಕಾಳುಕಾಳು ಚುಕ್ಕೆ) ಕುಣಿಯುವುದನ್ನು ಕಂಡ ಮೇಲೆ ಅದನ್ನು ಅಳಿಸುವ ನಾಯ್ಸ್ ರಿಡಕ್ಷನ್ ಹುಡುಕಿದರೆ ಸಿಗುವುದಿಲ್ಲ. ಅದು ದುಡ್ಡು ಕೊಟ್ಟವರ ಪಾಲು.

ತಂತ್ರಾಂಶವನ್ನು ಒರೆಗೆ ಹಚ್ಚಲು ಇಲ್ಲಿ ಇಟ್ಟುಕೊಂಡಿರುವುದು ಒಂದೇ ಕೆಲಸ: ಹುಡುಗಿಯೇ ನಾಯಕಿಯಾಗಿರುವ ಸ್ಪೈ ಥ್ರಿಲ್ಲರಿನ ಮೊದಲ ಎರಡು ನಿಮಿಷ, ಟೈಟಲ್ ಸಮೇತ. ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿ ಎಎಸ್ (ಪಿಯುಸಿ ಮಟ್ಟದ) ಮೀಡಿಯಾ ಸ್ಟಡೀಸ್ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಕೊಡುತ್ತಿದ್ದ ಪ್ರಾಜೆಕ್ಟ್ ಇಂಥದ್ದೇ. ಹೊಸ ಕಥಾಚಿತ್ರವೊಂದರ ಟೈಟಲ್ ಮತ್ತು ಆರಂಭ, ಎರಡು ನಿಮಿಷ ಮೀರುವಂತಿಲ್ಲ. ಹಕ್ಕುಸ್ವಾಮ್ಯದ ತಕರಾರಿಲ್ಲದ ಸಂಗೀತ ಮತ್ತು ಸೌಂಡ್ ಎಫೆಕ್ಟ್ ಬಿಟ್ಟರೆ ಉಳಿದದ್ದೆಲ್ಲ ಸ್ವಂತದ್ದೇ ಆಗಿರಬೇಕು. ನಮ್ಮ ಪತ್ರಿಕೋದ್ಯಮ, ವಿಷುವಲ್ ಕಮ್ಯುನಿಕೇಷನ್ ತರಗತಿಗಳಿಗೂ ಈ ಅಳತೆ ಚೆನ್ನಾಗಿ ಒಪ್ಪುತ್ತದೆ. ದೃಶ್ಯ ಸರಳ: ಹುಡುಗಿ ಲೈಬ್ರರಿಗೆ ಪುಸ್ತಕ ವಾಪಸ್ ಕೊಡಲು ಬರುತ್ತಾಳೆ. ಹಿಂದಿನ ರಟ್ಟಿನ ಕಾರ್ಡ್ ಪಾಕೆಟಿನೊಳಗೆ ಒಂದು ಮೆಮೊರಿ ಕಾರ್ಡ್. ಕೌಂಟರಿನಿಂದ ಹೊರಟವಳನ್ನು ಉದ್ದನೆಯ ಕಾರಿಡಾರಿನಲ್ಲಿ ಯಾರೋ ಹಿಂಬಾಲಿಸುತ್ತಾರೆ. ಟೈಟಲ್.

ರಿಸಾಲ್ವ್ ಹುಟ್ಟಿದ್ದು ಎಡಿಟಿಂಗಿಗಲ್ಲ, ಬಣ್ಣಕ್ಕೆ. ಅಮೆರಿಕದ ಡಾವಿಂಚಿ ಸಿಸ್ಟಮ್ಸ್ ಕಂಪನಿಯನ್ನು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಕೊಂಡಿತು. 2014ರಲ್ಲಿ ಎಫೆಕ್ಟಿನ ಫ್ಯೂಷನ್, 2016ರಲ್ಲಿ ಧ್ವನಿಯ ಫೇರ್‌ಲೈಟ್ ಅದರ ಕೈಸೇರಿದವು. ಹೀಗಾಗಿ ಎಡಿಟ್, ಎಫೆಕ್ಟ್, ಕಲರ್, ಧ್ವನಿ ಎಲ್ಲಕ್ಕೂ ಒಂದೇ ಸೂರು. ಉಚಿತ ಆವೃತ್ತಿಯಲ್ಲೂ ಈ ಪುಟಗಳೆಲ್ಲ ಇವೆ. 3840×2160 ಗಾತ್ರದಲ್ಲಿ, ಸೆಕೆಂಡಿಗೆ 60 ಫ್ರೇಮ್‌ವರೆಗೆ, ವಾಟರ್‌ಮಾರ್ಕ್ ಇಲ್ಲದೆ ಹೊರತೆಗೆಯಬಹುದು. ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯ ಎಫೆಕ್ಟ್ ಒಂದನ್ನು ಎಳೆದು ಹಾಕಿದಿರೋ, ಆ ಶಾಟಿನ ಮೇಲೆ ವಾಟರ್‌ಮಾರ್ಕ್ ಬಂದು ಕೂರುತ್ತದೆ. ಎಫೆಕ್ಟ್ ತೆಗೆದರೆ ಅದೂ ಹೋಗುತ್ತದೆ, ಗಾಬರಿ ಬೇಡ.

ಕಂಪ್ಯೂಟರ್ ಮಾತ್ರ ಗಟ್ಟಿ ಇರಬೇಕು. 16 ಜಿಬಿ ರ್‍ಯಾಮ್ ಕನಿಷ್ಠ, ಫ್ಯೂಷನ್ ಬಳಸುವುದಾದರೆ 32 ಎಂದು ಕಂಪನಿಯೇ ಹೇಳುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ 8 ಜಿಬಿ ಲ್ಯಾಪ್‌ಟಾಪಿನಲ್ಲಿ ಇದನ್ನು ನಡೆಸಲು ಹೋಗುವುದು ಎತ್ತಿನ ಗಾಡಿಗೆ ರೈಲಿನ ಬೋಗಿ ಕಟ್ಟಿದ ಹಾಗೆ. ಅಂಥ ಕಡೆ ಪ್ರಾಕ್ಸಿ, ಅಂದರೆ ಕ್ಲಿಪ್ಪುಗಳ ಹಗುರ ನಕಲು ಮಾಡಿಕೊಳ್ಳಿ: ಮೀಡಿಯಾ ಪೂಲಿನಲ್ಲಿ ಕ್ಲಿಪ್ಪುಗಳನ್ನು ಆರಿಸಿ ರೈಟ್ ಕ್ಲಿಕ್, ಜನರೇಟ್ ಪ್ರಾಕ್ಸಿ ಮೀಡಿಯಾ, ಅಳತೆ ಕಾಲುಭಾಗ. ಎಡಿಟ್ ಹಗುರಾಗುತ್ತದೆ. ಕಲರ್ ಮಾಡುವಾಗ ಮೂಲ ಫೈಲಿಗೆ ಮರಳಬೇಕು, ಮರೆಯಬೇಡಿ.

ಹೆಚ್ಚಿನ ತಂಡಗಳು ಎಡವುವುದು ಫ್ರೇಮ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬಲ್ಲಿ. ಹೊಸ ಪ್ರಾಜೆಕ್ಟ್ ತೆರೆದಾಗ ರಿಸಾಲ್ವ್ ತಾನಾಗಿಯೇ 24 ಎಂದು ಇಟ್ಟುಕೊಂಡಿರುತ್ತದೆ, ಕೆಲಸ ಶುರುವಾದ ಮೇಲೆ ಆ ಪ್ರಾಜೆಕ್ಟಿನಲ್ಲಿ ಅದನ್ನು ಬದಲಿಸಲು ಬಿಡುವುದಿಲ್ಲ. ಮೊದಲ ಕ್ಲಿಪ್ ಎಳೆದಾಗ "ಫ್ರೇಮ್ ರೇಟ್ ಬೇರೆ ಇದೆ, ಬದಲಿಸಲೇ?" ಎಂದು ಕೇಳುತ್ತದೆ. ಅಲ್ಲಿ ಓದದೆ ಬೇಡ ಎಂದವರು ಕೊನೆಯ ದಿನ ಅಳುತ್ತಾರೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾ 25 ಫ್ರೇಮ್, ಷಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟರೆ ಲೈಬ್ರರಿಯ ಬೆಳಕು ನಿಶ್ಚಲ. ಫೋನಿನಲ್ಲಿ 30 ಮಾತ್ರ ಇದ್ದರೆ ಪ್ರಾಜೆಕ್ಟನ್ನೂ 30ಕ್ಕೆ ಇಟ್ಟು ಷಟರನ್ನು 1/100ಕ್ಕೆ ಕಟ್ಟಿಹಾಕಿ. 30ರಲ್ಲಿ ತೆಗೆದು 25ಕ್ಕೆ ಇಳಿಸಿದರೆ ನಡಿಗೆ ಕುಂಟುತ್ತದೆ. ಷಟರನ್ನು ಫೋನಿನ ಇಷ್ಟಕ್ಕೆ ಬಿಟ್ಟರೆ ಕಾರಿಡಾರಿನ ಗೋಡೆ ಮೇಲೆ ಕಪ್ಪು ಪಟ್ಟಿಗಳು ಏರಿಳಿಯುತ್ತವೆ. ಅದನ್ನು ಅಳಿಸುವ ಡಿಫ್ಲಿಕರ್ ಸಹ ಸ್ಟುಡಿಯೋದವರಿಗೇ ಮೀಸಲು. ಬ್ಲ್ಯಾಕ್‌ಮ್ಯಾಜಿಕ್‌ನದೇ ಉಚಿತ ಕ್ಯಾಮೆರಾ ಆ್ಯಪ್ ಷಟರ್, ಐಎಸ್‌ಒ (ಬೆಳಕಿಗೆ ಸಂವೇದನೆ), ವೈಟ್ ಬ್ಯಾಲೆನ್ಸ್ ಮೂರನ್ನೂ ನಮ್ಮ ಕೈಗೆ ಕೊಡುತ್ತದೆ, ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಫೋನಿನ ಇನ್ನೊಂದು ಕಾಟ, ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ. ಬೆಳಕು ಕಡಿಮೆಯಾದರೆ ತಾನೇ ನಿಧಾನಿಸುತ್ತದೆ. ಬೇರೆ ರೆಕಾರ್ಡರಿನಲ್ಲಿ ಹಿಡಿದ ಮಾತನ್ನು ಜೋಡಿಸಿದಾಗ ಶುರುವಿನಲ್ಲಿ ಸರಿಯಿದ್ದ ತುಟಿ, ಕೊನೆಗೆ ಬರುವಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ. ರಿಸಾಲ್ವಿಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಕ್ವಾಲಿಟಿ ಸಂಖ್ಯೆ 16ರಿಂದ 18ರೊಳಗೆ ಇಟ್ಟು ಒಮ್ಮೆ ಹಾಯಿಸಿಬಿಡಿ. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಬಣ್ಣದ ವಿವರ ಹೆಚ್ಚಿರುವ 10-ಬಿಟ್ 4:2:2 ಬಿಟ್ಟು 8-ಬಿಟ್‌ನಲ್ಲಿ ತೆಗೆಯಲಿ; ವಿಂಡೋಸ್‌ನ ಉಚಿತ ಆವೃತ್ತಿಯಲ್ಲಿ ಅಂಥ ಎಚ್.264, ಎಚ್.265 ಫೈಲುಗಳು "ಮೀಡಿಯಾ ಆಫ್‌ಲೈನ್" ಎಂಬ ಕೆಂಪು ಪರದೆಯಾಗಿ ನಿಲ್ಲುವುದುಂಟು.

ಎಡಿಟ್ ಪುಟದ ಬಗ್ಗೆ ದೂರಿಲ್ಲ. ಎಲ್ಲರೂ ಕಡೆಗಣಿಸುವ ಸೌಲಭ್ಯವೊಂದು ನಾಯಕಿಪ್ರಧಾನ ಆರಂಭಕ್ಕೆ ಬಹಳ ಉಪಕಾರಿ: ಕ್ಲಿಪ್ ಕಲರ್. ಒರಟು ಜೋಡಣೆ ಮುಗಿದ ಮೇಲೆ, ಅವಳು ನೋಡುತ್ತಿರುವುದನ್ನು ತೋರಿಸುವ ಶಾಟಿಗೆಲ್ಲ ಹಸಿರು, ಅವಳನ್ನು ಬೇರೆಯವರು ನೋಡುವಂತಿರುವ ಶಾಟಿಗೆಲ್ಲ ಕಿತ್ತಳೆ ಹಚ್ಚಿ ಟೈಮ್‌ಲೈನನ್ನು ದೂರದಿಂದ ನೋಡಿ. ಮೊದಲ ಒಂದು ನಿಮಿಷ ಪೂರ್ತಿ ಕಿತ್ತಳೆಯಾಗಿದ್ದರೆ ನಿಮ್ಮ ನಾಯಕಿ ಗೂಢಚಾರಿಣಿಯಲ್ಲ, ಬೇಟೆ. ಗೂಢಚಾರಿಕೆ ಎಂದರೆ ನೋಡುವ ಕೆಲಸ. ಕೌಂಟರಿನ ಸಿಸಿ ಕ್ಯಾಮೆರಾ, ಓದುತ್ತಿರುವಂತೆ ನಟಿಸುವವನ ತಲೆಕೆಳಗಾದ ಪತ್ರಿಕೆ, ಬಾಗಿಲ ಗಾಜಿನಲ್ಲಿ ಹಿಂದಿನವನ ಪ್ರತಿಬಿಂಬ: ಇಂಥ ಮೂರು ಹಸಿರು ಶಾಟು ಸೇರಿದರೆ ಅವಳ ಬುದ್ಧಿ ಮಾತಿಲ್ಲದೆ ಗೊತ್ತಾಗುತ್ತದೆ. ಹೈಹೀಲ್ಡಿನಿಂದ ಶುರುವಾಗಿ ನಿಧಾನಕ್ಕೆ ಮೇಲೇರುವ ಆ ಹಳಸಲು ಟಿಲ್ಟ್ ಶಾಟು ಟೈಮ್‌ಲೈನಿನಲ್ಲಿದ್ದರೆ ಆರಿಸಿ ಡಿಲೀಟ್ ಒತ್ತಿ. ಅವಳ ಮೊದಲ ಶಾಟು ಕೈಯದಾಗಿರಲಿ.

ಆ ಕೈಯ ಶಾಟನ್ನೇ ಹತ್ತಿರದಿಂದ ನೋಡೋಣ. ಎರಡು ನಿಮಿಷ ಎಂದರೆ 25ರ ಲೆಕ್ಕದಲ್ಲಿ 3000 ಫ್ರೇಮ್. ಪುಸ್ತಕ ಕೌಂಟರಿಗೆ ಜಾರುವ ಮಿಡ್ ಶಾಟು, ನಂತರ ಹೆಬ್ಬೆರಳು ಕಾರ್ಡನ್ನು ಪಾಕೆಟಿನೊಳಗೆ ತಳ್ಳುವ ಕ್ಲೋಸಪ್. ಬೆರಳು ಚಲಿಸಲು ಶುರುವಾದ ಎರಡು ಮೂರು ಫ್ರೇಮ್ ಆದಮೇಲೆ ಕಟ್ ಮಾಡಿ, ಮೊದಲಲ್ಲ. ಚಲನೆಯ ನಡುವೆ ಬಿದ್ದ ಕಟ್ ಕಣ್ಣಿಗೆ ಬೀಳುವುದಿಲ್ಲ. ಕ್ಲೋಸಪ್ಪಿಗೆ 30ರಿಂದ 40 ಫ್ರೇಮ್ ಸಾಕು. 60 ಕೊಟ್ಟರೆ ನೋಡುಗ ವಿಷಯ ತಿಳಿದು ಬೇಸರಿಸುತ್ತಾನೆ, 15 ಕೊಟ್ಟರೆ ಕಾರ್ಡೇ ಕಾಣಲಿಲ್ಲ ಎನ್ನುತ್ತಾನೆ. ಮುಂದಿನ ಶಾಟಿನ ಸದ್ದು, ಅಂದರೆ ಲೈಬ್ರರಿಯನ್ ಸೀಲು ಒತ್ತುವ ಧಡ್ ಎನ್ನುವ ಶಬ್ದ, ಚಿತ್ರಕ್ಕಿಂತ 8 ಫ್ರೇಮ್ ಮೊದಲೇ ಬರಲಿ. ಕಂಟ್ರೋಲ್, ಶಿಫ್ಟ್, ಎಲ್ ಒತ್ತಿ ಚಿತ್ರ-ಧ್ವನಿಯನ್ನು ಜೋಡಿಸಿಡುವ ಲಿಂಕ್ಡ್ ಸೆಲೆಕ್ಷನ್ ಬಿಡಿಸಿದರೆ ಧ್ವನಿಯ ಅಂಚನ್ನು ಮಾತ್ರ ಹಿಂದಕ್ಕೆ ಎಳೆಯಬಹುದು. ಮತ್ತೆ ಅದೇ ಕೀಲಿ ಒತ್ತಿ ಲಿಂಕ್ ಹಾಕದಿದ್ದರೆ ಮುಂದೆ ಎಳೆದ ಪ್ರತಿ ಕ್ಲಿಪ್ಪೂ ಧ್ವನಿ ಬಿಟ್ಟು ಓಡುತ್ತದೆ.

ಕಲರ್ ಪುಟ ಈ ತಂತ್ರಾಂಶದ ಜೀವಾಳ. ಉಚಿತದಲ್ಲೂ ಕ್ವಾಲಿಫೈಯರ್ (ಒಂದು ಬಣ್ಣವನ್ನಷ್ಟೇ ಆರಿಸಲು), ಪವರ್ ವಿಂಡೋ (ಒಂದು ಜಾಗವನ್ನಷ್ಟೇ ಆರಿಸಲು), ಟ್ರ್ಯಾಕರ್ (ಅದು ಚಲಿಸಿದಂತೆ ಹಿಂಬಾಲಿಸಲು) ಎಲ್ಲ ಸಿಗುತ್ತವೆ. ಕಾರಿಡಾರಿನ ಶಾಟಿಗೆ ನಾಲ್ಕು ನೋಡ್ (ಬಣ್ಣ ತಿದ್ದುವ ಹಂತ) ಸಾಕು. ಆಲ್ಟ್ ಎಸ್ ಒತ್ತಿದರೆ ಒಂದೊಂದೇ ಸಾಲಾಗಿ ಸೇರುತ್ತವೆ. ಮೊದಲನೆಯದರಲ್ಲಿ ಟ್ಯೂಬ್‌ಲೈಟಿನ ಹಸಿರು ಛಾಯೆ ಕಳೆಯಲು ಟಿಂಟನ್ನು ಮಜೆಂಟಾ ಕಡೆ ಸ್ವಲ್ಪ ಸರಿಸಿ. ಎರಡನೆಯದರಲ್ಲಿ ಕಾಂಟ್ರಾಸ್ಟ್. ಮೂರನೆಯದರಲ್ಲಿ ಲಿಫ್ಟ್ ಚಕ್ರವನ್ನು ನೀಲಿ-ಹಸಿರಿನ ಕಡೆ ಎಳೆದರೆ ನೆರಳುಗಳಿಗೆ ಆ ಬೇಹುಗಾರಿಕೆಯ ತಣ್ಣನೆ ಬಣ್ಣ ಬರುತ್ತದೆ. ತಪ್ಪಾಗುವುದು ಇಲ್ಲೇ: ಬಣ್ಣ ಇಡೀ ಚಿತ್ರಕ್ಕೆ ಹರಡಿ ನಮ್ಮ ಕಂದು ಮೈಬಣ್ಣ ಬೂದಿ ಬಳಿದಂತಾಗುತ್ತದೆ, ನಾಯಕಿ ಜ್ವರ ಬಂದವಳಂತೆ ಕಾಣುತ್ತಾಳೆ. ನಾಲ್ಕನೆಯ ನೋಡಿನಲ್ಲಿ ಮುಖದ ಸುತ್ತ ಮೊಟ್ಟೆಯಾಕಾರದ ವಿಂಡೋ ಹಾಕಿ, ಅಂಚು ಚೆನ್ನಾಗಿ ಮೃದು ಮಾಡಿ, ಟ್ರ್ಯಾಕ್ ಮಾಡಿ, ಬಿಸುಪು ಮರಳಿಸಿ. ಬಣ್ಣ ಅಳೆದು ತೋರಿಸುವ ವೆಕ್ಟರ್‌ಸ್ಕೋಪಿನಲ್ಲಿ ಸ್ಕಿನ್ ಟೋನ್ ಗೆರೆ ಆನ್ ಮಾಡಿಕೊಂಡರೆ ದಾರಿ ತಪ್ಪುವುದಿಲ್ಲ. ಮೈಬಣ್ಣ ಕಪ್ಪಿರಲಿ ಬಿಳುಪಿರಲಿ, ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಶಿಫ್ಟ್ ಡಿ ಒತ್ತಿ ಆಗಾಗ ಮೂಲವನ್ನು ನೋಡಿ. ಹತ್ತು ನಿಮಿಷ ನೀಲಿ ನೋಡಿದ ಕಣ್ಣಿಗೆ ನೀಲಿಯೇ ಸಹಜ ಅನ್ನಿಸತೊಡಗುತ್ತದೆ.

ರಾತ್ರಿ ದೃಶ್ಯ ಬೇಕೇಬೇಕು ಎನ್ನುವವರು ಹಗಲಲ್ಲೇ ತೆಗೆದು ರಾತ್ರಿ ಮಾಡಲಿ. ಆಕಾಶ ಫ್ರೇಮಿಗೆ ಬರದ ಓಣಿ, ನೆರಳಿನ ಜಾಗ, ಎಕ್ಸ್‌ಪೋಷರ್ ಒಂದೂವರೆ ಸ್ಟಾಪ್ ಕಡಿಮೆ. ಉಳಿದ ಕತ್ತಲನ್ನು ರಿಸಾಲ್ವ್ ಕೊಡುತ್ತದೆ, ಸ್ಯಾಚುರೇಷನ್ 50ರಿಂದ 30ರ ಹತ್ತಿರ ಇಳಿಸಿ. ಐಎಸ್‌ಒ ಏರಿಸಿ ನಿಜವಾದ ಕತ್ತಲಲ್ಲಿ ತೆಗೆದದ್ದಕ್ಕೆ ಉಚಿತ ಆವೃತ್ತಿಯಲ್ಲಿ ಮದ್ದಿಲ್ಲ.

ಧ್ವನಿಗೆ ಫೇರ್‌ಲೈಟ್ ನಿರೀಕ್ಷೆಗಿಂತ ಉದಾರ. ಕಿವಿಯ ಇಯರ್‌ಪೀಸಿನಿಂದ ಬರುವ ಆದೇಶದ ದನಿ ಬೇಕೆ? ಆ ಟ್ರ್ಯಾಕಿನ ಈಕ್ಯೂನಲ್ಲಿ (ಈಕ್ವಲೈಸರ್) 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 3400ಕ್ಕಿಂತ ಮೇಲಿನದನ್ನೂ ಕತ್ತರಿಸಿ, ಹಳೆಯ ದೂರವಾಣಿಯ ಪಟ್ಟಿ ಅಷ್ಟೇ ಇದ್ದದ್ದು. ನಾಯಕಿಯ ಮಾತಿಗೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಹಾಕಿದರೆ ಫ್ಯಾನಿನ ಗುಂಯ್ ಕಡಿಮೆಯಾಗುತ್ತದೆ, ಹೆಣ್ಣುದನಿ ಅದಕ್ಕಿಂತ ಮೇಲೇ ಇರುವುದರಿಂದ ನಷ್ಟವಿಲ್ಲ. ಕರೆಂಟಿನ ಹಮ್ಮಿಗೆ ಡಿಹಮ್ಮರ್, 50 ಹರ್ಟ್ಸ್‌ಗೆ ಇಡಿ. ಗದ್ದಲದಿಂದ ಮಾತನ್ನು ಬೇರ್ಪಡಿಸುವ ವಾಯ್ಸ್ ಐಸೊಲೇಷನ್ ಮಾತ್ರ ಸ್ಟುಡಿಯೋದ್ದು, ಆದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ಸಂಭಾಷಣೆ ಇಟ್ಟುಕೊಳ್ಳಬೇಡಿ. ಕಂಪನಿ ಕೊಡುವ ಉಚಿತ ಸೌಂಡ್ ಲೈಬ್ರರಿಯಲ್ಲಿ 500ಕ್ಕೂ ಹೆಚ್ಚು ಫೋಲಿ (ಹೆಜ್ಜೆ, ಬಾಗಿಲಿನಂಥ) ಸದ್ದುಗಳಿವೆ. ಆದರೂ ಹಿಂಬಾಲಿಸುವವನ ಹೆಜ್ಜೆಯನ್ನು ಅದೇ ಕಾರಿಡಾರಿನಲ್ಲಿ, ಅದೇ ಚಪ್ಪಲಿಯಲ್ಲಿ ಹಿಡಿದುಕೊಂಡು ಬನ್ನಿ. ಜೊತೆಗೆ ಯಾರೂ ಉಸಿರೆತ್ತದ 30 ಸೆಕೆಂಡಿನ ಖಾಲಿ ಲೈಬ್ರರಿಯ ಸದ್ದು. ಇದನ್ನು ಕೆಳಗೆ ಹಾಸದಿದ್ದರೆ ಪ್ರತಿ ಕಟ್ಟಿನಲ್ಲೂ ಕಿವಿಗೆ ಗುಂಡಿ ಸಿಗುತ್ತದೆ.

ಟೈಟಲಿಗೆ ಟೆಕ್ಸ್ಟ್ ಪ್ಲಸ್ ಬಳಸಿದರೆ ಅದರ ರೈಟ್ ಆನ್ ಸ್ಲೈಡರಿನಿಂದ ಗುಪ್ತ ಕಡತ ಟೈಪಾಗುವಂಥ ಪರಿಣಾಮ ಸುಲಭ. ಅದು ಇಂಗ್ಲಿಷಿಗೆ. ಕನ್ನಡದಲ್ಲಿ ಮೊದಲು "ಪತ್ತೇದಾರಿ", "ರಾಷ್ಟ್ರ" ಎರಡು ಪದ ಬರೆದು ಒತ್ತಕ್ಷರ ಕೂತಿದೆಯೇ ನೋಡಿಕೊಳ್ಳಿ. ಆವೃತ್ತಿ, ಫಾಂಟ್ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಯೂನಿಕೋಡ್ ಒಡೆದರೆ ಡಿಟಿಪಿಯವರ ಹಳೆ ಉಪಾಯವಿದೆ: ನುಡಿಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸುವುದು. ಅಲ್ಲಿ ಒತ್ತು ಬೇರೆಯೇ ಅಕ್ಷರವಾದ್ದರಿಂದ ನಿಂತ ಟೈಟಲಿಗೆ ಸರಿ, ಟೈಪಾಗುವ ಪರಿಣಾಮಕ್ಕೆ ಮಾತ್ರ ಒತ್ತು ತಡವಾಗಿ ಬಂದು ನಗೆಪಾಟಲು. ಒಂದೊಂದು ಅಕ್ಷರ ಹೆಚ್ಚಾಗುತ್ತ ಹೋಗುವ ಪಾರದರ್ಶಕ ಪಿಎನ್‌ಜಿ ಚಿತ್ರಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಮಾಡಿ, ಒಂದಾದ ಮೇಲೊಂದು 4 ಫ್ರೇಮ್ ಇಡುವುದು ತ್ರಾಸಾದರೂ ಖಾತ್ರಿ ದಾರಿ.

ಡೆಲಿವರ್ ಪುಟದಲ್ಲಿ ಎಂಪಿ4, ಎಚ್.264, 1080, ಬಿಟ್‌ರೇಟ್ 20,000 ಕೆಬಿಪಿಎಸ್. ಎರಡು ನಿಮಿಷಕ್ಕೆ ಸುಮಾರು 300 ಎಂಬಿ ಆಗುತ್ತದೆ. ಲಿನಕ್ಸ್ ಲ್ಯಾಬ್ ಇರುವ ಕಾಲೇಜಿನವರಿಗೆ ಎಚ್ಚರಿಕೆ: ಅಲ್ಲಿ ಉಚಿತ ಆವೃತ್ತಿ ಎಚ್.264 ಓದುವುದನ್ನು ನೆಚ್ಚಿಕೊಳ್ಳಬೇಡಿ, ಎಎಸಿ ಧ್ವನಿಯದೂ ಅದೇ ಕತೆ. ಮೊದಲೇ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ ಬಗೆಯ ಫೈಲು ಮಾಡಿಕೊಳ್ಳಬೇಕು.

ಸ್ಟುಡಿಯೋ ಆವೃತ್ತಿ 295 ಡಾಲರ್, ಒಮ್ಮೆ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಒಂದೇ ಪ್ರಾಜೆಕ್ಟಿಗಾದರೆ ಬೇಡ. ಆ ದುಡ್ಡು ಒಂದು ಕಾಲರ್ ಮೈಕಿಗೆ, ಎರಡು ಎಲ್‌ಇಡಿ ದೀಪಕ್ಕೆ ಹೋಗಲಿ. ಮದುವೆ ವಿಡಿಯೊ ಮಾಡುವ ಇರಾದೆ ಇದ್ದವರಿಗೆ ನಾಯ್ಸ್ ರಿಡಕ್ಷನ್ ಒಂದಕ್ಕೇ ಕೊಟ್ಟ ಹಣ ಸಾರ್ಥಕವಾಗುತ್ತದೆ.

ಇದರ ಮೇಲಿನ ನಿಜವಾದ ಸಿಟ್ಟು ಬೇರೆ. ರಿಸಾಲ್ವ್ ಪ್ರಾಜೆಕ್ಟನ್ನು ವಿಡಿಯೊಗಳಿರುವ ಫೋಲ್ಡರಿನಲ್ಲಿ ಇಡುವುದಿಲ್ಲ, ಕಂಪ್ಯೂಟರಿನೊಳಗಿನ ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡಿ, ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಹೋದರೆ ಕೈಯಲ್ಲಿರುವುದು ಕ್ಲಿಪ್ಪುಗಳು ಮಾತ್ರ, ಎಡಿಟ್ ಅಲ್ಲೇ ಉಳಿದಿರುತ್ತದೆ. ಪ್ರತಿದಿನ ಎದ್ದು ಬರುವ ಮುನ್ನ ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರಿಸಿ, ಬರುವ ಡಿಆರ್‌ಪಿ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿ. ಮನೆಯ ಕಂಪ್ಯೂಟರಿನಲ್ಲಿ ಲ್ಯಾಬಿನದಕ್ಕಿಂತ ಹೊಸ ಆವೃತ್ತಿ ಹಾಕಿಕೊಂಡಿದ್ದರೆ, ಅಲ್ಲಿ ತೆರೆದು ಸೇವ್ ಮಾಡಿದ್ದನ್ನು ಮರುದಿನ ಲ್ಯಾಬ್ ಒಪ್ಪುವುದಿಲ್ಲ. ಮೊದಲ ದಿನವೇ ತಂಡದವರೆಲ್ಲ ಒಂದೇ ಆವೃತ್ತಿ ಹಾಕಿಕೊಳ್ಳಿ. ಪ್ರಾಜೆಕ್ಟ್ ಒಪ್ಪಿಸುವವರೆಗೆ ಅಪ್‌ಡೇಟ್ ಕೇಳಿದರೂ ಒತ್ತಬೇಡಿ.