ಖಾಲಿ ಡಬ್ಬಿ: ಹಳೆಯ ಟರ್ಬೊ ಕಾರು ಇರುವವರಿಗೆ ಒಂದು ಎಚ್ಚರಿಕೆ

ಹಳೆಯ ಟರ್ಬೊ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು, ಅಂಥದ್ದೊಂದನ್ನು ಕೊಳ್ಳಬೇಕೆಂದು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕಾರಿನಲ್ಲಿ ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಹೊಟ್ಟೆಯೊಳಗಿದ್ದುದನ್ನೆಲ್ಲ ಒಂದು ಗ್ಯಾರೇಜಿನವರು ನನಗೆ ಹೇಳದೆ ಕೇಳದೆ ಒಡೆದು ತೆಗೆದರು. ಹೊರಗಿನ ಉಕ್ಕಿನ ಡಬ್ಬಿಯನ್ನು ಮಾತ್ರ ಮೊದಲಿದ್ದಂತೆಯೇ ಕಾಣುವ ಹಾಗೆ ಬಿಟ್ಟರು. ಅದರ ಬೆಲೆಯನ್ನು ಎಂಜಿನ್ ತೆತ್ತಿತು.

ಶುರುವಾದದ್ದು ಒಂದು ಸಣ್ಣ ಸದ್ದಿನಿಂದ. ಐಡಲಿಂಗ್‌ನಲ್ಲಿ ನಿಂತಾಗ ಕಾರಿನ ಅಡಿಯಿಂದ ತಗಡಿನ ಡಬ್ಬಿಯಲ್ಲಿ ಹೆಂಚಿನ ಚೂರು ಅಲ್ಲಾಡಿಸಿದಂಥ ಗಲಗಲ. ಜೊತೆಗೆ ಏರಿನಲ್ಲಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಪೂರ್ತಿ ಒತ್ತಡ ಕಟ್ಟಿದಾಗ ಎಂಜಿನ್ ಒಮ್ಮೆ ಬಿಕ್ಕಿದಂತಾಗಿ ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು. ಎರಡನ್ನೂ ಹೇಳಿಯೇ ಕಾರನ್ನು ಗ್ಯಾರೇಜಿಗೆ ಒಪ್ಪಿಸಿದೆ. ವಾಪಸ್ ಕೊಡುವಾಗ ಸದ್ದು ಹೋಗಿತ್ತು, ದೀಪ ಆರಿತ್ತು, ಬಿಲ್ಲಿನಲ್ಲಿ ‘ಸೈಲೆನ್ಸರ್ ರಿಪೇರಿ’ ಎಂದಷ್ಟೇ ಬರೆದಿತ್ತು. ಮತ್ತೆ ದೀಪ ಮಿನುಗಿದಾಗ ಅವರಿಗೇ ಫೋನ್ ಮಾಡಿದೆ. “ಹಳೆಯ ವೈರಿಂಗ್ ಸರ್, ಅದೆಲ್ಲ ಇದ್ದದ್ದೇ, ಓಡಿಸಿ” ಎಂದರು.

ಈ ಉತ್ತರ ಎಷ್ಟು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಬೇಕು. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುವುದಕ್ಕೂ ಮಿನುಗುವುದಕ್ಕೂ ಅಜಗಜಾಂತರವಿದೆ. ಮಿನುಗುತ್ತಿದೆ ಎಂದರೆ ಯಾವುದೋ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ, ಕನ್ವರ್ಟರ್ ಹಾಳಾಗುವ ಮಟ್ಟಕ್ಕೆ ಆಗುತ್ತಿದೆ ಎಂದರ್ಥ. ಕಿಡಿ ಹೊತ್ತದ ಸಿಲಿಂಡರಿನಿಂದ ಪೆಟ್ರೋಲೂ ಗಾಳಿಯೂ ಹಸಿಹಸಿಯಾಗಿ ಎಕ್ಸಾಸ್ಟ್‌ಗೆ ಬಂದು ಬೀಳುತ್ತವೆ. ಅವು ಹೊತ್ತಿಕೊಳ್ಳುವುದು ಆಗಲೇ ಕಾದು ಕೆಂಡವಾಗಿರುವ ಕನ್ವರ್ಟರ್‌ನೊಳಗೆ. ಒಳಗಿರುವುದು ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400 ಕೊಳವೆಗಳು. ಕೊಳವೆಗಳ ಗೋಡೆಗೆ ಅಲ್ಯೂಮಿನದ ಲೇಪ, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಕಣಗಳು. ಬಿಸಿ 1,000 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಕಣಗಳು ಒಂದಕ್ಕೊಂದು ಅಂಟಿ ಕೆಲಸಕ್ಕೆ ಬಾರದಂತಾಗುತ್ತವೆ. ಇನ್ನೂ ಏರಿದರೆ ಸೆರಾಮಿಕ್ಕೇ ಕರಗುತ್ತದೆ, ಬಿರಿಯುತ್ತದೆ. ನಾನು ಕೇಳುತ್ತಿದ್ದ ಗಲಗಲ ಬಿರಿದ ಆ ಇಟ್ಟಿಗೆಯದು.

ಅಂದರೆ ನನ್ನ ಕನ್ವರ್ಟರ್ ತಾನಾಗಿ ಸತ್ತದ್ದಲ್ಲ. ಎಂಜಿನ್ನಿನಲ್ಲಿದ್ದ ರೋಗ ಅದನ್ನು ಕೊಂದಿತ್ತು. ಗ್ಯಾರೇಜಿನವರು ಆ ರೋಗವನ್ನು ಮುಟ್ಟಲೇ ಇಲ್ಲ. ಸದ್ದು ಮಾಡುತ್ತಿದ್ದುದನ್ನು ತೆಗೆದರು, ಕಂಪ್ಯೂಟರಿನಲ್ಲಿ ದಾಖಲಾಗಿದ್ದ ದೋಷದ ಕೋಡುಗಳನ್ನು ಅಳಿಸಿದರು. ಮುಂದಿನ ಮೆಕ್ಯಾನಿಕ್‌ಗೆ ಸಿಗಬೇಕಾಗಿದ್ದ ಎರಡು ಸಾಕ್ಷ್ಯಗಳೂ ಹೀಗೆ ಮಾಯವಾದವು.

ವಿಷಯ ಬಯಲಾದದ್ದು ಹೊಗೆ ತಪಾಸಣೆಯಲ್ಲಿ. ಕಾರ್ಬನ್ ಮಾನಾಕ್ಸೈಡ್ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು, ಹೈಡ್ರೋಕಾರ್ಬನ್ನೂ ಹಾಗೆಯೇ. ಆದರೆ ಗಾಳಿ ಪೆಟ್ರೋಲಿನ ಪ್ರಮಾಣ ತೋರಿಸುವ ಲ್ಯಾಂಬ್ಡಾ ಸಂಖ್ಯೆ ಒಂದರ ಆಸುಪಾಸಿನಲ್ಲೇ ಇತ್ತು. ತಪಾಸಣೆ ಮಾಡಿದ ಹುಡುಗ ಜಾಣ. ಪರದೆಯನ್ನು ನನ್ನ ಕಡೆ ತಿರುಗಿಸಿ, “ನೋಡಿ ಸರ್, ಪೆಟ್ರೋಲ್ ಗಾಳಿ ಎರಡೂ ಸರಿಯಾದ ಪ್ರಮಾಣದಲ್ಲೇ ಹೋಗುತ್ತಿವೆ. ಆದರೂ ಹೊಗೆಯಲ್ಲಿ ಮಾನಾಕ್ಸೈಡ್ ಇದೆ, ಆಮ್ಲಜನಕವೂ ಉಳಿದಿದೆ. ಎರಡನ್ನೂ ಕೂಡಿಸಬೇಕಾದದ್ದು ಕನ್ವರ್ಟರ್. ಅದು ಇದೆಯೇ?” ಎಂದು ಕೇಳಿದ. ಇದೆ ಎಂದೇ ನಾನು ನಂಬಿದ್ದೆ.

ಬೇರೆ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿದಾಗ ಕೆಳಗಿನಿಂದ ಎಲ್ಲವೂ ಸರಿಯಾಗಿಯೇ ಕಂಡಿತು: ಕಂಪನಿಯ ಡಬ್ಬಿ, ಅದರ ಮೇಲೆ ಒತ್ತಿದ ಸಂಖ್ಯೆ, ಶಾಖ ತಡೆಯುವ ತಗಡು. ಅವರು ಸುತ್ತಿಗೆಯ ಹಿಡಿಯಿಂದ ಡಬ್ಬಿಗೆ ಮೆಲ್ಲಗೆ ಬಡಿದರು, ಟೊಳ್ಳು ಸದ್ದು. ತಗಡನ್ನು ಬಿಚ್ಚಿ, ಡಬ್ಬಿ ಮತ್ತು ಕಾರಿನ ತಳದ ನಡುವಿನ ಸಂದಿಗೆ ಸಣ್ಣ ಕನ್ನಡಿ ತೂರಿಸಿ ಟಾರ್ಚ್ ಬಿಟ್ಟರು. ಡಬ್ಬಿಯ ಮೇಲ್ಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಂಗೈಯಗಲದ ಚೌಕ. ಗ್ರೈಂಡರಿನಿಂದ ಕಿಟಕಿಯಂತೆ ಕತ್ತರಿಸಿ, ಒಳಗಿನದನ್ನು ಕುಟ್ಟಿ ಹೊರತೆಗೆದು, ಅದೇ ತುಂಡನ್ನು ಮತ್ತೆ ಕೂರಿಸಿ ವೆಲ್ಡಿಂಗ್ ಮಾಡಿದ್ದರು. ಬೆಸುಗೆಯ ಏಣಿನ ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಒಂದು ಮೂಲೆಯಲ್ಲಿ ಬಣ್ಣ ಸುಟ್ಟು ಮಸಿ ಹಿಡಿದಿತ್ತು, ಅಂದರೆ ಬೆಸುಗೆ ಅಲ್ಲಿ ಸೋರುತ್ತಿತ್ತು.

ಆ ಸೋರಿಕೆಯನ್ನು ನೆನೆದರೆ ನನಗೆ ಈಗಲೂ ಮೈ ಝುಮ್ಮೆನ್ನುತ್ತದೆ. ಅದು ಇದ್ದದ್ದು ಮುಂದಿನ ಸೀಟುಗಳ ಕೆಳಗೆ. ಕನ್ವರ್ಟರ್ ಇರುವ ಕಾರಿನಲ್ಲಿ ಅದನ್ನು ದಾಟಿದ ಮೇಲಿನ ಹೊಗೆಯಲ್ಲಿ ಮಾನಾಕ್ಸೈಡ್ ಬಹಳ ಕಡಿಮೆ. ನನ್ನ ಕಾರಿನಲ್ಲಿ ಎಂಜಿನ್ ಉಗುಳಿದ್ದೆಲ್ಲ ಹಾಗೆಯೇ ಬರುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ನನ್ನ ತಾಯಿ ಆ ದಿನಗಳಲ್ಲಿ ಕಾರಿಳಿದ ಮೇಲೆ ತಲೆನೋವೆನ್ನುತ್ತಿದ್ದರು. ಪೆಟ್ರೋಲಿನ ಕಮಟು ವಾಸನೆಗೆ ಹಾಗಾಗುತ್ತಿದೆ ಎಂದುಕೊಂಡಿದ್ದೆವು. ಕಾರಣ ಇದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಕನ್ವರ್ಟರ್ ತೆಗೆಸಿದ ಕಾರಿನಲ್ಲಿ ಕಿಟಕಿ ಮುಚ್ಚಿಕೊಂಡು ಮನೆಯವರನ್ನು ಕೂರಿಸಿಕೊಂಡು ಹೋಗುವವರು ಒಮ್ಮೆ ಯೋಚಿಸಿ ನೋಡಿ.

ಇನ್ನೊಂದು ಕೈಚಳಕವೂ ಸಿಕ್ಕಿತು. 1996ರಿಂದ ಅಮೆರಿಕದಲ್ಲಿ, ಕೆಲವು ವರ್ಷಗಳ ನಂತರ ಯುರೋಪಿನಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್‌ನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇಡುವುದು ರೂಢಿಯಾಯಿತು. ಮುಂದಿನದರ ವೋಲ್ಟೇಜ್ 0.1ರಿಂದ 0.9ರವರೆಗೆ ಸದಾ ಮೇಲೆ ಕೆಳಗೆ ಓಡುತ್ತಿರುತ್ತದೆ. ಕನ್ವರ್ಟರ್ ಆರೋಗ್ಯವಾಗಿದ್ದರೆ ಹಿಂದಿನದು ಹೆಚ್ಚು ಕದಲದೆ ನಿಂತಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕಂಪ್ಯೂಟರ್ ಪಿ0420 ಎಂಬ ಕೋಡ್ ಬರೆದು ದೀಪ ಹೊತ್ತಿಸುತ್ತದೆ. ನನ್ನ ಕಾರಿನ ಹಿಂದಿನ ಸೆನ್ಸರ್ ಪೈಪಿಗೆ ನೇರವಾಗಿ ಕೂತಿರಲಿಲ್ಲ. ನಡುವೆ ಹೆಬ್ಬೆರಳುದ್ದದ ಒಂದು ಉಕ್ಕಿನ ಸ್ಪೇಸರ್. ಅದರ ಕಿರಿದಾದ ರಂಧ್ರದಿಂದ ಸ್ವಲ್ಪ ಹೊಗೆ ಮಾತ್ರ ಸೆನ್ಸರಿಗೆ ತಲುಪುತ್ತದೆ, ಏರಿಳಿತ ತಣಿಯುತ್ತದೆ, ಎಲ್ಲ ಸರಿಯಿದೆ ಎಂದು ಕಂಪ್ಯೂಟರ್ ನಂಬುತ್ತದೆ. ಕನ್ವರ್ಟರ್ ಖಾಲಿಯಾದರೂ ಈ ಕೋಡ್ ಬಾರದಿದ್ದರ ಗುಟ್ಟು ಇದು. ಅರಿಯದೆ ಮಾಡಿದವರ ಕೈಯಲ್ಲಿ ಸ್ಪೇಸರ್ ಇರುವುದಿಲ್ಲ.

ಇನ್ನು ಎಂಜಿನ್. ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗಳನ್ನು ಒಂದೊಂದಾಗಿ ಎಳೆದು ನೋಡಿದಾಗ ಮೂರನೆಯ ಸಿಲಿಂಡರಿನದರ ರಬ್ಬರ್ ಕೊಳವೆಯ ಮೇಲೆ ಕೂದಲೆಳೆಯಂಥ ಸೀಳು, ಅದರುದ್ದಕ್ಕೂ ಬೂದುಬಣ್ಣದ ಸುಟ್ಟ ಗೆರೆ. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಆ ಸೀಳಿನಿಂದ ಹಾರಿ ಹೋಗುತ್ತಿತ್ತು. ಟರ್ಬೊ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುವುದು ಕಷ್ಟ. ಹಾಗಾಗಿಯೇ ಏರಿನಲ್ಲಿ ಮಾತ್ರ ಬಿಕ್ಕುತ್ತಿತ್ತು. ಮೊದಲ ದಿನವೇ ಒಂದು ಕಾಯಿಲ್ ಬದಲಿಸಿದ್ದರೆ ಮಿಸ್‌ಫೈರ್ ಅಲ್ಲಿಗೇ ನಿಲ್ಲುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಟರ್ಬೊ ತುಂಬುವ ಗಾಳಿಯ ಒತ್ತಡದಿಂದ, ಅಂದರೆ ಬೂಸ್ಟ್‌ನಿಂದ. ಟರ್ಬೊ ದಾಟಿದ ಮೇಲೆ ಹೊಗೆಯ ದಾರಿಯಲ್ಲಿ ತಡೆ ಕಡಿಮೆಯಾದರೆ, ಹೊಗೆಯ ರಭಸಕ್ಕೆ ತಿರುಗುವ ಅದರ ಟರ್ಬೈನ್ ಹೆಚ್ಚು ಸಲೀಸಾಗಿ ತಿರುಗುತ್ತದೆ. ಮಿಕ್ಕ ಹೊಗೆಯನ್ನು ಪಕ್ಕಕ್ಕೆ ಬಿಡಲು ವೇಸ್ಟ್‌ಗೇಟ್ ಎಂಬ ಬಾಗಿಲಿದೆ. ಆದರೆ ಹಳೆಯ ಕಾರುಗಳಲ್ಲಿ ಅದರ ಅಳತೆಯನ್ನು ಕನ್ವರ್ಟರ್ ಇದೆ ಎಂಬ ಲೆಕ್ಕದಲ್ಲೇ ಮಾಡಿರುತ್ತಾರೆ. ಬಾಗಿಲು ಪೂರ್ತಿ ತೆರೆದರೂ ಸಾಲದಾದಾಗ ಬೂಸ್ಟ್ ನಿಗದಿತ ಮಟ್ಟ ದಾಟಿ ತೆವಳುತ್ತಾ ಏರುತ್ತದೆ. ತಂಪು ಗಾಳಿ ದಟ್ಟವಾದ್ದರಿಂದ ಚಳಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಚಳಿಯ ರಾತ್ರಿಗಳಲ್ಲಿ ನನ್ನ ಕಾರು ಮೇಲಿನ ಗೇರಿನಲ್ಲಿ ಎದೆಗೆ ಗುದ್ದಿದಂತೆ ಜರ್ಕ್ ಹೊಡೆಯುತ್ತಿತ್ತು. ಅದು ಬೂಸ್ಟ್ ಮಿತಿಮೀರಿದಾಗ ಕಂಪ್ಯೂಟರ್ ಪೆಟ್ರೋಲನ್ನೇ ಕಡಿತಗೊಳಿಸುವ ರಕ್ಷಣಾ ಕ್ರಮ. ಅಲ್ಲಿಗೆ ಮುಟ್ಟುವ ಮೊದಲಿನ ಗಳಿಗೆಗಳಲ್ಲಿ ಸಿಲಿಂಡರಿನೊಳಗೆ ನಾಕಿಂಗ್ ಆಗುತ್ತಿತ್ತು, ಅಂದರೆ ಪೆಟ್ರೋಲ್ ಗಾಳಿಯ ಮಿಶ್ರಣ ಹದ ತಪ್ಪಿ ತಾನಾಗಿ ಸಿಡಿಯುತ್ತಿತ್ತು.

ಕಂಪ್ರೆಷನ್ ಪರೀಕ್ಷೆಯಲ್ಲಿ ಒಂದು ಸಿಲಿಂಡರ್ ಉಳಿದವುಗಳಿಗಿಂತ ಬಹಳ ಕೆಳಗಿತ್ತು. ಅದಕ್ಕೆ ಗಾಳಿ ತುಂಬಿಸಿದರೆ ಎಂಜಿನ್ ಆಯಿಲ್ ಹಾಕುವ ಬಾಯಿಯಿಂದ ಬುಸುಬುಸು ಸದ್ದು. ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಮೇಲಿನ ಎರಡು ರಿಂಗುಗಳ ನಡುವಿನ ಅಂಚು ಒಡೆದಿತ್ತು. ಇದು ನಾಕಿಂಗ್‌ನ ಪೆಟ್ಟು. ಇಷ್ಟು ಹಳೆಯ ಎಂಜಿನ್ನಿಗೆ ಬೇರೆ ಕಾರಣಗಳೂ ಸೇರಿರಬಹುದು ಎಂದು ಮೆಕ್ಯಾನಿಕ್ಕೇ ಹೇಳಿದರು, ಅದನ್ನು ನಾನು ಒಪ್ಪುತ್ತೇನೆ. ಆದರೆ ಡಬ್ಬಿ ಖಾಲಿಯಾಗುವ ಮುನ್ನ ಆ ಜರ್ಕ್ ಒಮ್ಮೆಯೂ ಬಂದಿರಲಿಲ್ಲ.

ಮೊದಲ ಗ್ಯಾರೇಜಿಗೆ ಹೋಗಿ ಕೇಳಿದೆ. “ಈ ಕಾರಿಗೆ ಎಲ್ಲರೂ ಹೀಗೇ ಮಾಡಿಸುತ್ತಾರೆ ಸರ್, ಪಿಕಪ್ ಜಾಸ್ತಿಯಾಗುತ್ತದೆ, ನಿಮಗೆ ಒಳ್ಳೆಯದನ್ನೇ ಮಾಡಿದ್ದೇವೆ” ಎಂದರು. ಒಳಗಿನ ಸೆರಾಮಿಕ್ ಎಲ್ಲಿ ಎಂದರೆ ಕಸಕ್ಕೆ ಹಾಕಿದೆವು ಎಂಬ ಉತ್ತರ. ಒಂದು ಕನ್ವರ್ಟರ್‌ನಲ್ಲಿರುವ ಆ ಮೂರು ಲೋಹಗಳು ಕೆಲವೇ ಗ್ರಾಂ. ಆದರೆ 2021ರ ಆರಂಭದಲ್ಲಿ ರೋಡಿಯಂ ಒಂದರ ಬೆಲೆಯೇ ಔನ್ಸಿಗೆ 20,000 ಡಾಲರ್ ದಾಟಿತ್ತು, ಕನ್ವರ್ಟರ್ ಕಳ್ಳತನ ಹಲವು ದೇಶಗಳಲ್ಲಿ ಹೆಚ್ಚಿತ್ತು. ಪುಡಿಯಾದ ಸೆರಾಮಿಕ್ಕನ್ನೂ ತೂಕಕ್ಕೆ ಕೊಳ್ಳುವವರಿದ್ದಾರೆ. ಹಾಗಾಗಿ ಎಕ್ಸಾಸ್ಟ್‌ನ ಯಾವುದೇ ಕೆಲಸಕ್ಕೆ ಕಾರು ಬಿಡುವಾಗ, ತೆಗೆದ ಭಾಗ ನನಗೇ ವಾಪಸ್ ಬೇಕು ಎಂದು ಮೊದಲೇ ಜಾಬ್ ಕಾರ್ಡಿನಲ್ಲಿ ಬರೆಸಿ.

ಪಿಕಪ್ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ಆಮಿಷಕ್ಕೇ ಹೆಚ್ಚಿನವರು ಬೀಳುವುದು. ಕಟ್ಟಿಕೊಂಡ ಕನ್ವರ್ಟರ್ ತೆಗೆದರೆ ಕಾರು ಚುರುಕಾಗುವುದು ನಿಜ. ಅದು ಕಳೆದುಹೋಗಿದ್ದ ಶಕ್ತಿ ಮರಳಿದ್ದೇ ಹೊರತು ಹೊಸದಾಗಿ ಬಂದದ್ದಲ್ಲ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸರಿಯಿರುವ ಕನ್ವರ್ಟರ್ ತೆಗೆದು ಸಿಗುವುದು ಅತ್ಯಲ್ಪ. ಟರ್ಬೊ ಕಾರಿನಲ್ಲಿ ಹೆಚ್ಚು ಸಿಗಬಹುದು, ಆದರೆ ಇಂಧನ ಮತ್ತು ಬೂಸ್ಟ್ ಎರಡನ್ನೂ ಹೊಸದಾಗಿ ಟ್ಯೂನ್ ಮಾಡಿದರೆ ಮಾತ್ರ. ಡಬ್ಬಿ ಟೊಳ್ಳು ಮಾಡುವುದಂತೂ ಕೆಟ್ಟ ಉಪಾಯ. ಕಿರಿದಾದ ಪೈಪಿನಿಂದ ಬಂದ ಹೊಗೆ ದೊಡ್ಡ ಖಾಲಿ ಜಾಗದಲ್ಲಿ ಚದುರಿ ಸುಳಿಯೆದ್ದು ಮತ್ತೆ ಕಿರಿದಾದ ಪೈಪಿಗೆ ನುಗ್ಗಬೇಕು. ಜೊತೆಗೆ ಹೆದ್ದಾರಿಯ ವೇಗದಲ್ಲಿ ಕಿವಿಗೆ ಬಡಿಯುವ ಗುಂಯ್ ಎಂಬ ಮೊರೆತ.

ಕನ್ವರ್ಟರ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಅಳೆದು ತೋರಿಸಿ ಎಂದು ಕೇಳಿ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದೇ ಜಾಗಕ್ಕೆ ಒತ್ತಡದ ಗೇಜ್ ಕೂರಿಸಿದರಾಯಿತು. 2,500 ಆರ್‌ಪಿಎಂನಲ್ಲಿ ಸುಮಾರು 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ ಎಂದು ಸಾಮಾನ್ಯ ಲೆಕ್ಕ. ಕಟ್ಟಿದೆ ಎಂದಾದರೆ ಮುಂದಿನ ಪ್ರಶ್ನೆ, ಏಕೆ ಕಟ್ಟಿತು ಎಂಬುದು. ಮಿಸ್‌ಫೈರೋ, ಆಯಿಲ್ ಸುಡುತ್ತಿದೆಯೋ, ಕೂಲೆಂಟ್ ಒಳಗೆ ಸೋರುತ್ತಿದೆಯೋ ಹುಡುಕದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಅದೇ ಗತಿ ಕಾಣುತ್ತದೆ.

ತೆಗೆಯುವವರಿಗೆ ಅವರದೇ ವಾದಗಳಿವೆ, ಒಂದನ್ನು ನಾನು ಮನ್ನಿಸುತ್ತೇನೆ. ಕೆಲವು ಕಾರುಗಳಲ್ಲಿ ಎಂಜಿನ್ನಿಗೆ ತೀರ ಹತ್ತಿರ, ಸಿಲಿಂಡರುಗಳ ಹೊಗೆ ಒಟ್ಟುಗೂಡುವ ಮ್ಯಾನಿಫೋಲ್ಡಿನಲ್ಲೇ ಚಿಕ್ಕ ಪೂರ್ವ ಕನ್ವರ್ಟರ್‌ಗಳಿರುತ್ತವೆ. ಮೂರನೆಯ ತಲೆಮಾರಿನ ಟೊಯೊಟಾ ಎಂಆರ್2ನಲ್ಲಿ ಅವು ಪುಡಿಯಾಗಿ ಆ ಪುಡಿ ಸಿಲಿಂಡರಿನೊಳಗೇ ಹೋಗಿ ಎಂಜಿನ್ ಹಾಳಾದ ಪ್ರಕರಣಗಳು ಮಾಲೀಕರಿಗೆಲ್ಲ ಗೊತ್ತು. ಅಂಥ ಭಯ ನಿಜವಾದದ್ದೇ. ಅಲ್ಲಿಯೂ ಮುಖ್ಯ ಕನ್ವರ್ಟರ್‌ಗೆ ಕೈಹಚ್ಚಲು ಕಾರಣವಿಲ್ಲ, ಮತ್ತು ಕಾನೂನು ‘ಪೂರ್ವ’, ‘ಮುಖ್ಯ’ ಎಂದು ಭೇದ ಮಾಡುವುದಿಲ್ಲ. ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ರಸ್ತೆಯ ಕಾರಿನಿಂದ ಕನ್ವರ್ಟರ್ ತೆಗೆದುಹಾಕುವುದೇ ಕಾನೂನುಬಾಹಿರ. ರೇಸ್ ಟ್ರ್ಯಾಕಿಗಷ್ಟೇ ಎಂದು ಬರೆದು ಮಾರುವ ಪೈಪುಗಳು ರಸ್ತೆಗೆ ಬಂದರೆ ಆ ಬರಹ ಯಾರನ್ನೂ ಕಾಪಾಡುವುದಿಲ್ಲ.

ಮನೆಯಲ್ಲೇ ಕುಟ್ಟಿ ತೆಗೆಯಲು ಹೊರಟವರಿಗೆ ಬೇಡಿಕೊಳ್ಳುತ್ತೇನೆ: ಆ ಧೂಳನ್ನು ಉಸಿರಾಡಬೇಡಿ. ಇಟ್ಟಿಗೆಯ ಸುತ್ತ ಮೆತ್ತೆಯಂತೆ ಸುತ್ತಿರುವುದರಲ್ಲಿ ಸೆರಾಮಿಕ್ ನಾರುಗಳಿರುತ್ತವೆ, ಅವು ಶ್ವಾಸಕೋಶಕ್ಕೆ ಕೆಟ್ಟವು. ನನ್ನ ಕಾರಿನಲ್ಲಿ ಹೊರಬರದೆ ಉಳಿದ ಚೂರುಗಳು ಹಿಂದಕ್ಕೆ ಸಾಗಿ ಸೈಲೆನ್ಸರಿನ ಒಳಗೆ ಸೇರಿಕೊಂಡಿದ್ದವು. ಅದನ್ನೂ ಬದಲಿಸಬೇಕಾಯಿತು.

ಈಗ ಪಿಸ್ಟನ್ ಹೊಸದು, ಕಾಯಿಲ್‌ಗಳು ನಾಲ್ಕೂ ಹೊಸವು, ಕನ್ವರ್ಟರ್ ಕಂಪನಿಯದೇ. ಅಗ್ಗದ್ದು ಬೇರೆ ಸಿಗುತ್ತಿತ್ತು, ಆದರೆ ಅಂಥವುಗಳಲ್ಲಿ ಬೆಲೆಬಾಳುವ ಲೋಹ ಕಡಿಮೆ, ಬೇಗ ಸೋಲುತ್ತವೆ. ತಪಾಸಣೆಯಲ್ಲಿ ಮಾನಾಕ್ಸೈಡ್ ಮಿತಿಯೊಳಗೆ ಬಂದಿದೆ, ಚಳಿಯ ರಾತ್ರಿಯ ಜರ್ಕ್ ನಿಂತಿದೆ. ಹಳೆಯ ಕಾರು ಕೊಳ್ಳಲು ಹೊರಟವರು ಹಣ ಕೊಡುವ ಮುನ್ನ ಅದನ್ನು ಲಿಫ್ಟ್ ಮೇಲೆ ಏರಿಸಿ. ಡಬ್ಬಿಯ ಮೇಲ್ಭಾಗಕ್ಕೆ ಕನ್ನಡಿ ಹಿಡಿದು ಬೆಸುಗೆಯ ಗೆರೆ ಹುಡುಕಿ, ಹಿಂದಿನ ಸೆನ್ಸರಿನ ಬುಡದಲ್ಲಿ ಸ್ಪೇಸರ್ ಇದೆಯೇ ನೋಡಿ, ಎಂಜಿನ್ ಬಿಸಿಯಾದ ಮೇಲೆ ಹೊಗೆ ತಪಾಸಣೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಕಾರು ಬೇಡ.