ನಾಲ್ಕು ವರ್ಷದ ಬಳಕೆ: ಯಂತ್ರ ಗಟ್ಟಿ, ಬಯಾಸ್ ಹುಳುಕು

ಐದಕ್ಕೆ ಮೂರೂವರೆ ಸ್ಟಾರ್. ಈ ಲ್ಯಾಪ್‌ಟಾಪಿನ ಕೀಬೋರ್ಡ್, ಹಿಂಜ್, ಪರದೆ ಮೂರೂ ಇವತ್ತಿಗೂ ಚೆನ್ನಾಗಿವೆ. ಹೋದ ಒಂದೂವರೆ ಸ್ಟಾರ್ ಪೂರ್ತಿ ಫರ್ಮ್‌ವೇರ್ ಲೆಕ್ಕಕ್ಕೆ, ಅಂದರೆ ಬೋರ್ಡಿನಲ್ಲೇ ಕೂತಿರುವ ಬಯಾಸ್ ತಂತ್ರಾಂಶಕ್ಕೆ. ತೊಂದರೆಯೆಲ್ಲ ಅದರ ಎಸಿಪಿಐ ಭಾಗದ್ದು: ಬ್ಯಾಟರಿ, ನಿದ್ದೆ, ಬಿಸಿ ಇವುಗಳ ಬಗ್ಗೆ ಲಿನಕ್ಸ್ ಬಯಾಸ್ ಜೊತೆ ಮಾತಾಡುವುದು ಅದರ ಮೂಲಕ. 14 ಇಂಚು, ಎಂಟನೇ ತಲೆಮಾರಿನ ಐ5, 16 ಜಿಬಿ ಮೆಮೊರಿ. ಕಚೇರಿಯಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಮಾಲು. ಮೈಸೂರಿನಲ್ಲಿ ಡಿಟಿಪಿ ಕೆಲಸಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ದಿನವೂ ಬಳಕೆ. ಬ್ರ್ಯಾಂಡ್ ಬರೆದಿಲ್ಲ, ಏಕೆಂದರೆ ಕೆಳಗಿನ ದೋಷಗಳು ಹಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಕಾಣುತ್ತವೆ, ಪರಿಹಾರವೂ ಒಂದೇ.

ಎಲ್ಲಕ್ಕಿಂತ ಕಾಟ ಕೊಟ್ಟದ್ದು ಫ್ಯಾನ್. ಕರೆಂಟ್ ಹೋಗಿ ಬಂದ ಕೂಡಲೇ ಜೋರಾಗಿ ತಿರುಗಲು ಶುರು, ನಿಲ್ಲುವ ಮಾತೇ ಇಲ್ಲ. ಧೂಳಿರಬೇಕೆಂದು ಬಿಚ್ಚಿಸಿ ಪೇಸ್ಟ್ ಹಾಕಿಸಿದರೆ ದುಡ್ಡು ದಂಡ. ಯಾವ ಕೆಲಸ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ‘ಟಾಪ್’ ತೆರೆದಾಗ ‘ಕೆವರ್ಕರ್’ ಹೆಸರಿನ ಪಕ್ಕ ‘ಕೆಎಸಿಪಿಐಡಿ’ ಎಂದಿದ್ದು, ಅದೊಂದೇ ಒಂದು ಕೋರನ್ನು ತಿನ್ನುತ್ತಿದ್ದರೆ ಕಾರಣ ಗೊತ್ತಾದಂತೆ. ಚಾರ್ಜರ್ ಹಾಕಿದ್ದನ್ನೋ ತೆಗೆದದ್ದನ್ನೋ ತಿಳಿಸಲು ಯಂತ್ರಾಂಶ ಜಿಪಿಇ ಎಂಬ ಸಂಕೇತ ಕೊಡುತ್ತದೆ. ಆ ಸಂಕೇತಕ್ಕೆ ಕಾರಣವಾದದ್ದನ್ನು ಬಯಾಸ್‌ನಲ್ಲಿ ಬರೆದ ಕೋಡ್ ಸರಿಯಾಗಿ ತೀರಿಸದಿದ್ದರೆ ಅದೇ ಸಂಕೇತ ಮತ್ತೆ ಮತ್ತೆ ಬಡಿಯುತ್ತದೆ, ಲಿನಕ್ಸಿನ ತಿರುಳಾದ ಕರ್ನಲ್ ಪ್ರತಿ ಸಲವೂ ಓಗೊಡುತ್ತದೆ.

ಯಾವ ಸಂಕೇತ ಎಂದು ಹುಡುಕಲು ‘ಸಿಸ್’ ಅಡಿಯ ‘ಫರ್ಮ್‌ವೇರ್/ಎಸಿಪಿಐ/ಇಂಟರಪ್ಟ್ಸ್’ ಫೋಲ್ಡರ್ ನೋಡಿ. ಅಲ್ಲಿನ ಒಂದೊಂದು ಕಡತದಲ್ಲೂ ಒಂದು ಎಣಿಕೆ ಇದೆ. ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ಓದಿ. ಯಾವುದು ಸಾವಿರಗಟ್ಟಲೆ ಏರಿತೋ ಅದೇ ಕಳ್ಳ. ಇಲ್ಲಿ ಸಿಕ್ಕಿದ್ದು 6ಎಫ್. ರೂಟ್ ಆಗಿ ಆ ಕಡತಕ್ಕೆ ‘ಡಿಸೇಬಲ್’ ಎಂದು ಬರೆದರೆ ಫ್ಯಾನ್ ಅಲ್ಲೇ ಇಳಿಯುತ್ತದೆ. ಆದರೆ ರೀಬೂಟ್ ಆದರೆ ಅದು ಉಳಿಯದು. ಕಾಯಂ ಆಗಬೇಕಾದರೆ ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್ ಸೆಟ್ಟಿಂಗ್‌ನ ಕರ್ನಲ್ ಸಾಲಿಗೆ ‘ಎಸಿಪಿಐ_ಮಾಸ್ಕ್_ಜಿಪಿಇ=0ಎಕ್ಸ್6ಎಫ್’ ಸೇರಿಸಿ ‘ಅಪ್‌ಡೇಟ್-ಗ್ರಬ್’ ಓಡಿಸಬೇಕು.

ಇಲ್ಲೊಂದು ಎಚ್ಚರ, ಇದನ್ನು ಯಾರೂ ಹೇಳುವುದಿಲ್ಲ. ಮೊದಲು ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸೆಜ್’ನಲ್ಲಿ ‘ಇಸಿ’ ಇರುವ ಸಾಲು ನೋಡಿ. ಇಸಿ, ಅಂದರೆ ಬ್ಯಾಟರಿ, ಮುಚ್ಚಳ ಮುಂತಾದವನ್ನು ನೋಡಿಕೊಳ್ಳುವ ಚಿಪ್ಪಾದ ಎಂಬೆಡೆಡ್ ಕಂಟ್ರೋಲರ್, ಯಾವ ಜಿಪಿಇ ಬಳಸುತ್ತಿದೆ ಎಂದು ಅಲ್ಲಿ ಬರೆದಿರುತ್ತದೆ. ಬೇರೊಬ್ಬರ ಸಂಖ್ಯೆಯನ್ನು ನಕಲು ಹೊಡೆದು ಇಸಿಯ ಆ ಜಿಪಿಇಯನ್ನೇ ಮುಚ್ಚಿಬಿಟ್ಟರೆ ಬ್ಯಾಟರಿ ಶೇಕಡಾ, ಮುಚ್ಚಳದ ಸೆನ್ಸರ್, ಹಾಟ್‌ಕೀ ಎಲ್ಲ ಕೈಕೊಡುತ್ತವೆ.

ಎರಡನೆಯದು ನಿದ್ದೆ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಮೈಸೂರಿನಲ್ಲಿ ರೈಲು ಹತ್ತಿದರೆ ಬೆಂಗಳೂರಿನಲ್ಲಿ ತೆಗೆಯುವಾಗ ಬಿಸಿ, ಬ್ಯಾಟರಿ ಅರ್ಧ ಖಾಲಿ. ‘ಸಿಸ್/ಪವರ್/ಮೆಮ್_ಸ್ಲೀಪ್’ ಓದಿದರೆ ‘ಎಸ್2ಐಡಲ್’ (ಹಗುರ ನಿದ್ದೆ), ‘ಡೀಪ್’ (ಗಾಢ ನಿದ್ದೆ) ಎಂಬ ಎರಡು ಪದ. ಚೌಕ ಕಂಸದೊಳಗಿರುವುದೇ ಸದ್ಯ ಜಾರಿಯಲ್ಲಿರುವುದು. ಬಯಾಸ್ ತನ್ನ ಕೋಷ್ಟಕದಲ್ಲಿ ‘ನನಗೆ ಹಗುರ ನಿದ್ದೆಯೇ ಲೇಸು’ ಎಂಬ ಗುರುತು ಇಟ್ಟಿರುವುದರಿಂದ ಕರ್ನಲ್ ಮೊದಲನೆಯದನ್ನೇ ಆರಿಸಿತ್ತು. ಅದೇ ಕರ್ನಲ್ ಸಾಲಿಗೆ ‘ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್’ ಹಾಕಿದ ಮೇಲೆ ರಾತ್ರಿಯಿಡೀ ಮಲಗಿದರೂ ಇಳಿಯುವುದು ನಾಲ್ಕೈದು ಶೇಕಡಾ ಮಾತ್ರ. ‘ಡೀಪ್’ ಎಂಬ ಪದವೇ ಅಲ್ಲಿಲ್ಲದಿದ್ದರೆ ಫರ್ಮ್‌ವೇರ್ ಆ ಸೌಲಭ್ಯ ಕೊಟ್ಟಿಲ್ಲವೆಂದು ಅರ್ಥ, ಯಾವ ಪ್ಯಾರಾಮೀಟರಿಗೂ ಅದು ಬರುವುದಿಲ್ಲ.

ಮೂರನೆಯದು ಸಣ್ಣದು. ಬೆಳಕಿನ ಕೀ ಒತ್ತಿದರೆ ಪಟ್ಟಿ ಏರಿಳಿಯುತ್ತದೆ, ಪರದೆ ಮಾತ್ರ ಹಾಗೇ. ‘ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್’, ಮುಗಿಯಿತು.

ಇಂಥ ಕಡೆ ಮೊದಲು ಬರುವ ಸಲಹೆ ‘ಎಸಿಪಿಐ=ಆಫ್’. ದಯವಿಟ್ಟು ಬೇಡ. ಬ್ಯಾಟರಿ ಲೆಕ್ಕ, ನಿದ್ದೆ, ಉಷ್ಣ ನಿಯಂತ್ರಣ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಹಲ್ಲು ನೋವಿಗೆ ದವಡೆ ಕಿತ್ತಂತೆ. ‘ಎಸಿಪಿಐ_ಓಎಸ್ಐ=ಲಿನಕ್ಸ್’ ಎನ್ನುವುದೂ ಹಳೇ ಸಲಹೆ. ‘ನೀನು ಲಿನಕ್ಸಾ’ ಎಂದು ಬಯಾಸ್ ಕೇಳಿದರೆ 2007ರ 2.6.23 ಆವೃತ್ತಿಯಿಂದ ಕರ್ನಲ್ ‘ಅಲ್ಲ’ ಎನ್ನುತ್ತದೆ, ವಿಂಡೋಸ್ ಹೆಸರುಗಳಿಗೆ ‘ಹೌದು’ ಎನ್ನುತ್ತದೆ. ತಯಾರಕರು ಪರೀಕ್ಷಿಸಿರುವುದು ವಿಂಡೋಸ್ ದಾರಿಯನ್ನೇ. ಲಿನಕ್ಸಿಗೆಂದು ಬರೆದಿಟ್ಟ ಕೋಡನ್ನು ಯಾರೂ ಓಡಿಸಿ ನೋಡಿರುವುದಿಲ್ಲ. ಡಿಎಸ್‌ಡಿಟಿ ಎಂಬ ಬಯಾಸ್‌ನ ಎಸಿಪಿಐ ಕೋಷ್ಟಕವನ್ನೇ ತಿದ್ದಿ, ಬೂಟ್ ಆಗುವಾಗ ಕರ್ನಲ್ ಜೊತೆ ಬರುವ ಇನಿಟ್‌ಆರ್‌ಡಿಗೆ ಸೇರಿಸುವುದು ಕೊನೆಯ ದಾರಿ: ಸೆಕ್ಯೂರ್ ಬೂಟ್ ಇದ್ದು ಕರ್ನಲ್ ಲಾಕ್‌ಡೌನ್ ಆಗಿದ್ದರೆ ಅದನ್ನು ಕರ್ನಲ್ ಒಪ್ಪುವುದಿಲ್ಲ, ಬಯಾಸ್ ಅಪ್‌ಡೇಟ್ ಆದ ದಿನ ಹಳೇ ಕೋಷ್ಟಕ ಹೊಸ ವಿಳಾಸಗಳಿಗೆ ಹೊಂದುವುದಿಲ್ಲ.

ಪ್ಯಾರಾಮೀಟರ್‌ಗಳನ್ನು ಒಂದೊಂದಾಗಿ ಹಾಕಿ, ಪ್ರತಿ ಬಯಾಸ್ ಅಪ್‌ಡೇಟ್ ನಂತರ ಒಂದೊಂದಾಗಿ ತೆಗೆದು ನೋಡಿ. ಹೆಸರುವಾಸಿ ಮಾಡೆಲ್‌ಗಳಿಗೆ ಕರ್ನಲ್ ಒಳಗೇ ಪರಿಹಾರದ ಪಟ್ಟಿಗಳಿವೆ. ಬಯಾಸ್ ಯಂತ್ರದ ಗುರುತು ಬರೆದಿಡುವ ಡಿಎಂಐನಲ್ಲಿರುವ ಮಾಡೆಲ್ ಹೆಸರನ್ನು ಓದಿ ತಾನೇ ಹಚ್ಚಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲೇ ಎಡವುವುದು: ಮದರ್‌ಬೋರ್ಡ್ ಬದಲಿಸಿದವರು ಆ ಹೆಸರನ್ನು ಮತ್ತೆ ಬರೆಯದಿದ್ದರೆ ಅಲ್ಲಿ ಖಾಲಿ ಇರುತ್ತದೆ, ಪಟ್ಟಿಯ ಪರಿಹಾರ ತಾಗುವುದೇ ಇಲ್ಲ.

ಹಾಗಾಗಿ ಅಂಗಡಿಗೆ ಹೋಗುವಾಗ ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವ್ ಜೇಬಲ್ಲಿರಲಿ. ‘ಡಿಎಂಐಡಿಕೋಡ್’ನಲ್ಲಿ ಮಾಡೆಲ್ ಹೆಸರು ಓದಿ, ಚಾರ್ಜರ್ ನಾಲ್ಕು ಸಲ ಕಿತ್ತು ಹಾಕಿ ಫ್ಯಾನ್ ಕೇಳಿ, ‘ಆರ್‌ಟಿಸಿವೇಕ್’ನಿಂದ 60 ಸೆಕೆಂಡ್ ಮಲಗಿಸಿ ಎಬ್ಬಿಸಿ. ಹತ್ತು ನಿಮಿಷದ ಕೆಲಸ. ಬೇಡ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.