ಬೆನ್ನುಮೂಳೆಗೆ ಕಾರ್ಬನ್ ಫೈಬರ್ ಸ್ಕ್ರೂ, ರಾಡ್: ಯಾರಿಗೆ ಬೇಕು, ಯಾರಿಗೆ ಬೇಡ

ಬೆನ್ನುಮೂಳೆಯ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡು ಆಮೇಲೆ ರೇಡಿಯೇಷನ್ ತೆಗೆದುಕೊಳ್ಳಬೇಕಾದವರಿಗೆ ಬೆನ್ನುಮೂಳೆಯನ್ನು ಅಲುಗದ ಹಾಗೆ ಹಿಡಿದಿಡುವ ಸ್ಕ್ರೂ, ರಾಡ್ ಕಾರ್ಬನ್ ಫೈಬರಿನದ್ದು ಸಿಗುವ ಹಾಗಿದ್ದರೆ, ದುಡ್ಡು ಹೊಂದುವ ಹಾಗಿದ್ದರೆ, ಅದನ್ನೇ ಹಾಕಿಸಿ. ಡಿಸ್ಕ್ ಜಾರಿ ಅಥವಾ ಮೂಳೆ ಸವೆದು ಆಪರೇಷನ್ ಆಗುತ್ತಿರುವವರಿಗೆ ಟೈಟೇನಿಯಂ ಸಾಕು. ನಾನು ಸರ್ಜನ್ ಅಲ್ಲ, ರೇಡಿಯೇಷನ್ ಪ್ಲಾನ್ ಮಾಡುವ ಫಿಸಿಸಿಸ್ಟ್. ಆಪರೇಷನ್ ಮುಗಿದು ರೋಗಿ ನಮ್ಮ ವಿಭಾಗಕ್ಕೆ ಬಂದಮೇಲೆ ಸಿ.ಟಿ. ಪರದೆಯ ಮೇಲೆ ಈ ಸ್ಕ್ರೂಗಳನ್ನು ನೋಡುವವನು. ಅಲ್ಲಿಂದ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ವಸ್ತು ಏನು ಅಂತ ನೋಡೋಣ. ಪೀಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಒಳಗೆ ಕಾರ್ಬನ್ ಎಳೆಗಳನ್ನು ಕೂರಿಸಿ ಮಾಡಿದ್ದು. ಬೆನ್ನುಮೂಳೆಗೆ ಕಾರ್ಬನ್ ಹೊಸದೇನಲ್ಲ. ಎರಡು ಮೂಳೆಗಳ ನಡುವೆ ಇಡುವ ಬ್ರಾಂಟಿಗನ್ ಕೇಜ್‌ಗೆ ಅಮೆರಿಕದ ಎಫ್‌ಡಿಎ 1999ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಸ್ಕ್ರೂ ಮತ್ತು ರಾಡ್ ಮಾಡುವುದು ಅದಕ್ಕಿಂತ ಕಷ್ಟ, ಯಾಕೆಂದರೆ ತಿರುಚಿದರೂ ಬಾಗಿಸಿದರೂ ತಡೆಯಬೇಕು. ಅದಕ್ಕೇ ಇವುಗಳಲ್ಲಿ ತುಂಡು ಎಳೆ ಸಾಕಾಗುವುದಿಲ್ಲ, ಉದ್ದಕ್ಕೂ ಹರಿಯುವ ಎಳೆ ಹಾಕುತ್ತಾರೆ. ಸ್ವಿಟ್ಜರ್ಲೆಂಡಿನ ಐಕೊಟೆಕ್, ಇಸ್ರೇಲಿನ ಕಾರ್ಬೋಫಿಕ್ಸ್ ಈ ಕೆಲಸದಲ್ಲಿ ಹೆಸರು ಮಾಡಿದ ಕಂಪನಿಗಳು.

ಈಗ ನನ್ನ ಪರದೆಗೆ ಬರುತ್ತೇನೆ. ಟೈಟೇನಿಯಂ ಸ್ಕ್ರೂ ಇದ್ದರೆ ಸಿ.ಟಿ. ಚಿತ್ರದಲ್ಲಿ ಅದರ ಸುತ್ತ ಕಪ್ಪು ಬಿಳಿ ಗೆರೆಗಳು ಎದ್ದು ನಿಲ್ಲುತ್ತವೆ. ಗಡ್ಡೆಯ ಅಂಚು ಎಲ್ಲಿ, ಬೆನ್ನುಹುರಿ ಎಲ್ಲಿ ಅಂತ ಕರಾರುವಾಕ್ಕಾಗಿ ಗೆರೆ ಎಳೆಯಬೇಕಾದ ಜಾಗವೂ ಅದೇ, ಮತ್ತು ಅಲ್ಲೇ ಏನೂ ಸರಿಯಾಗಿ ಕಾಣುವುದಿಲ್ಲ. ಎಂ.ಆರ್.ಐ. ತೆಗೆದರೂ ಲೋಹದ ಪಕ್ಕ ಚಿತ್ರ ಕದಡಿಹೋಗಿರುತ್ತದೆ. ಕೆಲವೊಮ್ಮೆ ಬೆನ್ನುಹುರಿಯನ್ನು ಗುರುತಿಸಲಿಕ್ಕೇ ಬೆನ್ನಿಗೆ ಸೂಜಿ ಚುಚ್ಚಿ ಡೈ ಹಾಕಿ ಇನ್ನೊಂದು ಸ್ಕ್ಯಾನ್ ಮಾಡಬೇಕಾಗುತ್ತದೆ, ಆಗಲೇ ಸೋತಿರುವ ರೋಗಿಗೆ ಅದೊಂದು ಬೇರೆ ಹಿಂಸೆ. ಲೋಹದ ಗೆರೆ ಅಳಿಸುವ ಸಾಫ್ಟ್‌ವೇರ್ ಇದೆ, ಆದರೆ ಪೂರ್ತಿ ಅಳಿಸುವುದಿಲ್ಲ. ಉಳಿದದ್ದನ್ನು ನಾವು ಕೈಯಲ್ಲೇ ಗುರುತು ಹಾಕಿ, ಇದು ಲೋಹ, ಇದು ಮಾಂಸ, ಇದರ ಸಾಂದ್ರತೆ ಇಷ್ಟು ಅಂತ ಕಂಪ್ಯೂಟರಿಗೆ ತಿಳಿಸಬೇಕು. ಬೆನ್ನುಹುರಿಗೂ ಗಡ್ಡೆಗೂ ನಡುವೆ ಕೆಲವೇ ಮಿಲಿಮೀಟರ್ ಇರುವಾಗ ಈ ಅಂದಾಜಿನ ಕೆಲಸ ನನಗೆ ಒಂಚೂರೂ ಇಷ್ಟವಿಲ್ಲ. ಗಡ್ಡೆಗೆ ಡೋಸ್ ಕಡಿಮೆಯಾದರೆ ಅದು ಮತ್ತೆ ಬೆಳೆಯುತ್ತದೆ, ಹುರಿಗೆ ಜಾಸ್ತಿಯಾದರೆ ಕಾಲಿನ ಶಕ್ತಿಯೇ ಹೋಗಬಹುದು.

ಕಾರ್ಬನ್ ಸ್ಕ್ರೂ ಇದ್ದಾಗ ಚಿತ್ರ ಎಷ್ಟು ತಿಳಿಯಾಗಿರುತ್ತದೆ ಅಂದರೆ, ಹುರಿ, ಅದರ ಸುತ್ತಲಿನ ಪೊರೆ, ಉಳಿದ ಗಡ್ಡೆ, ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಕೆಲವು ಮಾದರಿಗಳಲ್ಲಿ ರಾಡನ್ನು ಬಿಗಿಯಾಗಿ ಹಿಡಿಯುವ ಮೇಲಿನ ಪುಟ್ಟ ಸ್ಕ್ರೂ ಟೈಟೇನಿಯಂದೇ ಆಗಿರುವುದರಿಂದ ಅಲ್ಲಿ ಸ್ವಲ್ಪ ಗೆರೆ ಉಳಿಯುತ್ತದೆ, ಅಷ್ಟು ಪರವಾಗಿಲ್ಲ. ಮುಂದೆ ಪ್ರತಿ ಸಲ ಎಂ.ಆರ್.ಐ. ತೆಗೆದಾಗಲೂ ಗಡ್ಡೆ ಮರುಕಳಿಸಿದೆಯಾ ಅಂತ ಬೇಗ ಗೊತ್ತಾಗುತ್ತದೆ. ನನ್ನ ಪ್ರಕಾರ ಇದು ಪ್ಲಾನಿಂಗಿನ ಅನುಕೂಲಕ್ಕಿಂತ ದೊಡ್ಡ ಲಾಭ.

ಎಕ್ಸ್‌ರೇ ಬದಲು ಪ್ರೋಟಾನ್ ಕಣಗಳನ್ನು ಬಿಡುವ ರೇಡಿಯೇಷನ್, ಅಂದರೆ ಪ್ರೋಟಾನ್ ಚಿಕಿತ್ಸೆಯಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ಪ್ರೋಟಾನ್ ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕು ಅನ್ನುವುದು ದಾರಿಯಲ್ಲಿ ಸಿಗುವ ವಸ್ತುವಿನ ಸಾಂದ್ರತೆ ಮೇಲೆ ನಿಂತಿದೆ. ಲೆಕ್ಕ ತಪ್ಪಿದರೆ ನಿಲ್ಲುವ ಜಾಗವೇ ತಪ್ಪುತ್ತದೆ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯವರು ಕಾರ್ಡೋಮಾ ಅನ್ನುವ ಅಪರೂಪದ ಮೂಳೆ ಕ್ಯಾನ್ಸರಿನ ರೋಗಿಗಳ ಬಗ್ಗೆ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೆನ್ನಿನಲ್ಲಿ ಲೋಹ ಇದ್ದವರಲ್ಲಿ ಗಡ್ಡೆ ಮರಳಿ ಬಂದದ್ದು ಎದ್ದು ಕಾಣುವಷ್ಟು ಜಾಸ್ತಿ ಇತ್ತು. ಲೋಹ ಹಾಕಬೇಕಾಗಿ ಬಂದವರ ಕಾಯಿಲೆಯೇ ಮೊದಲಿನಿಂದ ಜೋರಾಗಿತ್ತು ಅನ್ನುವ ಸಾಧ್ಯತೆಯೂ ಇದೆ, ಹಾಗಾಗಿ ಪೂರ್ತಿ ತಪ್ಪನ್ನು ಲೋಹದ ಮೇಲೆ ಹೊರಿಸಲಾಗದು. ಆದರೂ ನಮ್ಮ ಕ್ಷೇತ್ರದವರು ಕಾರ್ಬನ್ ಕಡೆ ತಿರುಗಿದ್ದಕ್ಕೆ ಇಂಥ ವರದಿಗಳೂ ಕಾರಣ.

ಇನ್ನು ಕೊರತೆಗಳು. ದೊಡ್ಡದು ಅಂದರೆ, ಟೈಟೇನಿಯಂ ರಾಡನ್ನು ಸರ್ಜನ್ ಟೇಬಲ್ ಪಕ್ಕದಲ್ಲೇ ಬಾಗಿಸಿ ಬೆನ್ನಿನ ಆಕಾರಕ್ಕೆ ಕೂರಿಸುತ್ತಾರೆ, ಕಾರ್ಬನ್ ರಾಡನ್ನು ಹಾಗೆ ಬಾಗಿಸಲು ಆಗುವುದಿಲ್ಲ, ಕಂಪನಿ ಮೊದಲೇ ಬಾಗಿಸಿ ಕೊಟ್ಟ ಅಳತೆಗಳಲ್ಲೇ ಆರಿಸಬೇಕು. ಬೆನ್ನು ತುಂಬಾ ಸೊಟ್ಟಗಿದ್ದವರಿಗೆ, ಉದ್ದಕ್ಕೂ ಸ್ಕ್ರೂ ಬೇಕಾದವರಿಗೆ ಇದು ಹೊಂದುವುದು ಕಷ್ಟ. ಹಾಕುವಾಗಲೇ ಸ್ಕ್ರೂ ಮುರಿದ ಪ್ರಕರಣಗಳು ವರದಿಯಾಗಿವೆ, ಆದ್ದರಿಂದ ಇದರಲ್ಲಿ ಕೈ ಪಳಗಿದ ಸರ್ಜನ್ ಬೇಕು. ಪೀಕ್‌ಗೆ ಮೂಳೆ ತಾನಾಗಿ ಅಂಟಿಕೊಳ್ಳುವುದಿಲ್ಲ, ಅದಕ್ಕೇ ಸ್ಕ್ರೂ ಮೇಲೆ ತೆಳುವಾಗಿ ಟೈಟೇನಿಯಂ ಲೇಪನ ಕೊಡುತ್ತಾರೆ. ಬೆಲೆ ಟೈಟೇನಿಯಂಗಿಂತ ಎಷ್ಟೋ ಜಾಸ್ತಿ, ವಿಮೆಯವರು ಕೊಡುತ್ತಾರಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಕಂಪನಿಗಳ ಪ್ರಚಾರದಲ್ಲಿ ಇನ್ನೊಂದು ಮಾತು ಬರುತ್ತದೆ. ಟೈಟೇನಿಯಂ ಮಿಶ್ರಲೋಹದ ಬಿಗಿತನ ಸುಮಾರು 110 ಗಿಗಾಪಾಸ್ಕಲ್, ಗಟ್ಟಿ ಮೂಳೆಯದ್ದು 20ರ ಒಳಗೆ, ಕಾರ್ಬನ್ ಸೇರಿದ ಪೀಕ್ ಮೂಳೆಗೆ ಹತ್ತಿರ, ಹಾಗಾಗಿ ಮೂಳೆಗೆ ಒಳ್ಳೆಯದು ಅಂತ. ತುಂಡು ಎಳೆಯ ಪೀಕ್ ಮಟ್ಟಿಗೆ ಸರಿ. ಆದರೆ ಉದ್ದ ಎಳೆ ಹಾಕಿದರೆ ಬಿಗಿತನ ಎಳೆಯ ದಿಕ್ಕಿನಲ್ಲಿ ಟೈಟೇನಿಯಂ ಮಟ್ಟಕ್ಕೂ ಏರಬಹುದು. ಸ್ಕ್ರೂ ಸಡಿಲವಾಗುವ ಪ್ರಮಾಣವೂ ಅಧ್ಯಯನಗಳಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಈ ಒಂದು ಕಾರಣಕ್ಕೆ ಸುಮ್ನೆ ಹೆಚ್ಚು ದುಡ್ಡು ಸುರಿಯಬೇಡಿ.

ಹಾಕಿಸಿಕೊಳ್ಳುವ ಮುಂಚೆ ಸರ್ಜನ್ ಮತ್ತು ರೇಡಿಯೇಷನ್ ಡಾಕ್ಟರ್ ಇಬ್ಬರೂ ಒಮ್ಮೆ ಮಾತಾಡುವ ಹಾಗೆ ನೋಡಿಕೊಳ್ಳಿ. ಆಪರೇಷನ್ ಆದಮೇಲೆ ನಮಗೆ ಹೇಳಿದರೆ ನಾವು ಸ್ಕ್ರೂ ಬದಲಾಯಿಸಲು ಆಗುವುದಿಲ್ಲ ಅಲ್ವಾ. ಮತ್ತೆ ಡಿಸ್ಚಾರ್ಜ್ ಪತ್ರದಲ್ಲಿ ಕಂಪನಿ, ಮಾದರಿ, ಯಾವ ಭಾಗ ಕಾರ್ಬನ್, ಯಾವ ಭಾಗ ಟೈಟೇನಿಯಂ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಎಕ್ಸ್‌ರೇಯಲ್ಲಿ ಕಾರ್ಬನ್ ಭಾಗ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಲೇಪನದ ಅಥವಾ ಗುರುತಿಗೆಂದು ಇಟ್ಟ ಟ್ಯಾಂಟಲಂ ಚುಕ್ಕೆಯ ನೆರಳಷ್ಟೇ ಬೀಳುತ್ತದೆ. ಮುಂದೆ ಬೇರೆ ಊರಿನ ಆಸ್ಪತ್ರೆಯಲ್ಲಿ ಪ್ಲಾನ್ ಮಾಡುವವರಿಗೆ ಆ ಒಂದು ಸಾಲು ತುಂಬಾ ಕೆಲಸಕ್ಕೆ ಬರುತ್ತದೆ.